ಖಾಲಿ ಕಟ್ಟಡ ಯಾರದು?

ಪೇಟೆ ಬೀದಿಯಲ್ಲಿ ಒಂದು ಹಳೇ ಕಟ್ಟಡ. ಬಾಗಿಲಿಗೆ ಬೀಗ. ಹೆಂಚು ಜಾರಿವೆ. ಗೋಡೆ ಸಂದಿನಲ್ಲಿ ಅರಳಿ ಗಿಡ ಹುಟ್ಟಿದೆ. ಜಗಲಿ ಮೇಲೆ ಹೂವಿನವರು, ಸೊಪ್ಪಿನವರು ಕೂತಿರ್ತಾರೆ. ಮಳೆ ಬಂದ್ರೆ ಸಂತೆಗೆ ಬಂದ ಹೆಂಗಸರು ಮಕ್ಕಳು ಅಲ್ಲೇ ನಿಲ್ತಾರೆ. ಒಂದು ಕಾಲಕ್ಕೆ ಅದು ಪುರಸಭೆ ಕಚೇರಿಯೋ, ಛತ್ರವೋ, ಶಾಲೆಯೋ ಆಗಿತ್ತು. ಇಂಥ ಕಟ್ಟಡ ಎಷ್ಟೋ ಊರುಗಳಲ್ಲಿ ಇದೆ.

"ಯಾರದಮ್ಮ ಇದು?" ಅಂತ ಕೇಳಿ ನೋಡಿ. "ಯಾರದೋ! ಸರ್ಕಾರದ್ದು ಇರಬೇಕು" ಅಂತಾರೆ.

ಪುರಸಭೆಯ ಆಸ್ತಿ ಅಂದ್ರೆ ಊರಿನವರ ಆಸ್ತಿ. ನಾವು ಕಟ್ಟುವ ಮನೆ ಕಂದಾಯ, ನೀರಿನ ಹಣ, ಸಂತೆ ಸುಂಕ ಎಲ್ಲಾ ಪುರಸಭೆಗೇ ಹೋಗುತ್ತೆ. ಆ ಆಸ್ತಿಯನ್ನು ಪುರಸಭೆ ನಮ್ಮ ಪರವಾಗಿ ನೋಡಿಕೊಳ್ಳುತ್ತೆ, ಅಷ್ಟೆ.

ಒಂದು ದಿನ ಆ ಬಾಗಿಲಿಗೆ ಒಂದು ಕಾಗದ ಅಂಟಿಸ್ತಾರೆ ಅಂದುಕೊಳ್ಳಿ. ಅದರಲ್ಲಿ ಹೀಗಿರುತ್ತೆ:

"ಸಾರ್ವಜನಿಕ ಪ್ರಕಟಣೆ. ಪುರಸಭೆಗೆ ಸೇರಿದ ಸದರಿ ಖಾಲಿ ಕಟ್ಟಡ ಹಾಗೂ ನಿವೇಶನವನ್ನು ಮರು ಅಭಿವೃದ್ಧಿಗಾಗಿ ಬಹಿರಂಗ ಹರಾಜಿನ ಮೂಲಕ ವಿಲೇವಾರಿ ಮಾಡಲು ಉದ್ದೇಶಿಸಲಾಗಿದೆ. ಆಕ್ಷೇಪಣೆಗಳಿದ್ದಲ್ಲಿ 30 ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು."

ಅಬ್ಬಾ, ಎಂಥಾ ಮಾತುಗಳು! ಓದು ಬಂದವರಿಗೂ ಇದು ಕಷ್ಟವೇ. ನಿಧಾನವಾಗಿ ಬಿಡಿಸಿ ನೋಡೋಣ.

ಸದರಿ ಅಂದ್ರೆ ಈ, ಇದೇ. ನಿವೇಶನ ಅಂದ್ರೆ ಸೈಟು, ಕಟ್ಟಡ ನಿಂತಿರೋ ಜಾಗ. ಮರು ಅಭಿವೃದ್ಧಿ ಅಂದ್ರೆ ಇರೋದನ್ನು ಕೆಡವಿ, ಇಲ್ಲಾ ಬದಲಾಯಿಸಿ, ಬೇರೇದು ಕಟ್ಟೋದು. ಬಹಿರಂಗ ಹರಾಜು ಅಂದ್ರೆ ಎಲ್ಲರ ಎದುರಿಗೆ ಸವಾಲು ಕೂಗಿ, ಹೆಚ್ಚು ಬೆಲೆ ಕೂಗಿದವರಿಗೆ ಕೊಡೋದು. ವಿಲೇವಾರಿ ಅನ್ನೋ ಮಾತು ಕಸದ ಗಾಡಿ ಮೇಲೂ ಬರೆದಿರುತ್ತೆ. ಇಲ್ಲಿ ಅದಕ್ಕೆ ಮಾರಾಟ ಅಂತ ಅರ್ಥ. ಮಾರ್ತೀವಿ ಅಂತ ನೇರವಾಗಿ ಬರೆದಿದ್ರೆ ಎಷ್ಟು ಜನ ನಿಂತು ಓದ್ತಿದ್ರೋ!

ಆಕ್ಷೇಪಣೆ ಅಂದ್ರೆ ತಕರಾರು. "ಇದು ಬೇಡ" ಅಥವಾ "ಹೀಗೆ ಬೇಡ, ಹಾಗೆ ಮಾಡಿ" ಅನ್ನೋದು. ಲಿಖಿತ ಅಂದ್ರೆ ಬರವಣಿಗೆಯಲ್ಲಿ.

ಕೊನೇ ಸಾಲನ್ನು ಇನ್ನೊಂದು ಸಲ ಓದಿ. 30 ದಿನದಲ್ಲಿ ಯಾರೂ ಬರೆದು ಕೊಡದಿದ್ರೆ ಎಲ್ಲರಿಗೂ ಒಪ್ಪಿಗೆ ಅಂತ ತಿಳೀತಾರೆ. ಜಗಲಿ ಮೇಲೆ ಕೂತು ಗೊಣಗಿದ್ದು ಲೆಕ್ಕಕ್ಕಿಲ್ಲ.

ಹಾಗಾದ್ರೆ ಮಾರೋದೇ ತಪ್ಪಾ? ನಾವು ಹಾಗೆ ಹೇಳೋಲ್ಲ. ಕಟ್ಟಡವನ್ನು ಸುಮ್ಮನೆ ಬೀಗ ಹಾಕಿ ಬಿಡೋದೂ ಅಪಾಯವೇ. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಅಂತಿದೆ. ನಗರಪಾಲಿಕೆಗೆ ಸೇರಿದ್ದು. ನೂರು ವರ್ಷಕ್ಕೂ ಹಳೇದು. ಅಲ್ಲಿ ಸಾಲು ಅಂಗಡಿಗಳಿದ್ದವು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅಂಗಡಿಯವರನ್ನೆಲ್ಲ ಖಾಲಿ ಮಾಡಿಸಿದರು. ಆಮೇಲೆ ಕೆಡವಬೇಕೋ, ದುರಸ್ತಿ ಮಾಡಬೇಕೋ ಅಂತ ವಾದ ಶುರುವಾಯ್ತು. ವರ್ಷಗಟ್ಟಲೆ ನಡೀತು. ಹೈಕೋರ್ಟಿನವರೆಗೂ ಹೋಯ್ತು. ಅಲ್ಲಿ ಮಾರಾಟದ ಮಾತಲ್ಲ, ನಿಜ. ಆದರೆ ಊರಿನ ಕಟ್ಟಡ ಅಂದ್ರೆ ಅಂಗಡಿಯವರಿಗೆ ಒಂದು ಚಿಂತೆ, ಊರಿನ ಚೆಂದ ನೋಡೋವ್ರಿಗೆ ಇನ್ನೊಂದು, ಪಾಲಿಕೆಗೆ ಮತ್ತೊಂದು.

ಅದಕ್ಕೇ ಮೊದಲು ಕೇಳಬೇಕು. ಯಾಕೆ ಮಾರ್ತೀರಿ? ದುರಸ್ತಿಗೆ ಎಷ್ಟು ಖರ್ಚು ಅಂತ ಲೆಕ್ಕ ಹಾಕಿದೀರಾ? ಬಂದ ಹಣ ಯಾವುದಕ್ಕೆ ಹೋಗುತ್ತೆ, ಚರಂಡಿಗೋ, ಸಂಬಳಕ್ಕೋ? ಅಲ್ಲಿ ಮುಂದೆ ಏನು ಬರುತ್ತೆ? ಜಗಲಿ ಮೇಲಿನವರು ಎಲ್ಲಿಗೆ ಹೋಗಬೇಕು?

ಬೆಲೆ ವಿಷಯದಲ್ಲಿ ಒಂದು ಮಾತು. "ಹಳೇ ಕಟ್ಟಡ, ಏನು ಬಾಳುತ್ತೆ?" ಅಂತ ಕೆಲವರು ಅಂತಾರೆ. ಆದರೆ ಮಾರೋದು ಬರೀ ಗೋಡೆಯನ್ನಲ್ಲ. ಗೋಡೆ ಕೆಳಗಿನ ನೆಲವನ್ನೂ. ಪೇಟೆ ನಡುವಿನ ನೆಲಕ್ಕೆ ಎಷ್ಟು ಬೆಲೆ ಅಂತ ನಿಮಗೇ ಗೊತ್ತು. ಅದಕ್ಕೇ ಕಾಗದದಲ್ಲಿ ಅಳತೆಯನ್ನೂ ಚಕ್ಕುಬಂದಿಯನ್ನೂ ನೋಡಬೇಕು. ಚಕ್ಕುಬಂದಿ ಅಂದ್ರೆ ನಾಲ್ಕು ದಿಕ್ಕಿನ ಗಡಿ. ಹಿಂದಿನ ಬಾವಿ, ಪಕ್ಕದ ಓಣಿ ಅದರೊಳಗೆ ಸೇರಿಹೋಗಿದ್ಯಾ ಅಂತ ಅಲ್ಲೇ ಗೊತ್ತಾಗುತ್ತೆ.

ಮಾರದೆ ಬಾಡಿಗೆಗೋ ಗುತ್ತಿಗೆಗೋ ಕೊಡಬಹುದಾ ಅಂತಲೂ ಕೇಳಬಹುದು. ಮಾರಿದ್ರೆ ಹಣ ಒಂದೇ ಸಲ ಬರುತ್ತೆ. ಗುತ್ತಿಗೆಗೆ ಕೊಟ್ಟರೆ ಬಾಡಿಗೆ ಬರ್ತಾ ಇರುತ್ತೆ, ನೆಲ ಊರಿನದಾಗೇ ಉಳಿಯುತ್ತೆ.

ಪುರಸಭೆ ತನ್ನ ಇಷ್ಟಕ್ಕೆ ಮಾರೋ ಹಾಗಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯಿದೆ ಪ್ರಕಾರ ಆಸ್ತಿ ಮಾರೋಕೆ ಸರ್ಕಾರದ ಅನುಮತಿ ಮೊದಲೇ ಬೇಕು. ನಿಮ್ಮ ತಕರಾರು ಕಾಗದದ ಮೇಲೆ ಇದ್ರೆ ಅದನ್ನೂ ಕಡತದಲ್ಲಿ ಸೇರಿಸಿ ಅಂತ ಕೇಳಬಹುದು.

ತಕರಾರು ಬರೆಯೋಕೆ ದೊಡ್ಡ ಮಾತು ಬೇಕಿಲ್ಲ. ಹೀಗೆ ಬರೆದ್ರೆ ಸಾಕು:

"ಮುಖ್ಯಾಧಿಕಾರಿಗಳಿಗೆ, ಪುರಸಭೆ. ಪೇಟೆ ಬೀದಿಯ ಹಳೇ ಕಟ್ಟಡ ಮಾರುವ ಪ್ರಕಟಣೆ ಓದಿದೆವು. ನಾವು ಅದರ ಜಗಲಿಯಲ್ಲಿ ಹೂವು, ಸೊಪ್ಪು ಮಾರಿ ಬದುಕುವ ಹೆಂಗಸರು. ನಮಗೆ ಜಾಗ ಗೊತ್ತು ಮಾಡದೆ ಮಾರಬಾರದು. ಅಲ್ಲಿ ಹೆಂಗಸರಿಗೆ ಶೌಚಾಲಯ ಆಗಬೇಕು. ಮಾರುವ ಮೊದಲು ನಮ್ಮನ್ನು ಕರೆದು ಕೇಳಬೇಕು."

ಕೆಳಗೆ ತಾರೀಖು, ಹೆಸರು, ವಿಳಾಸ, ರುಜು. ಹತ್ತು ಜನ ಸೇರಿ ರುಜು ಹಾಕಿದ್ರೆ ಇನ್ನೂ ಒಳ್ಳೇದು. ಹೆಬ್ಬೆಟ್ಟು ಒತ್ತುವ ಅಜ್ಜಿಯರಿದ್ರೆ ಅವರನ್ನೂ ಸೇರಿಸಿಕೊಳ್ಳಿ, ಓದಿ ಹೇಳಿ ಒತ್ತಿಸಿ. ನಿಮ್ಮ ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ. ಚುನಾವಣೆ ಆಗದೆ ಸದಸ್ಯರೇ ಇಲ್ಲದ ಕಾಲವಾದ್ರೆ ಆಡಳಿತಾಧಿಕಾರಿಗೆ ಕೊಡಿ.

ಕಚೇರಿಗೆ ಎರಡು ಪ್ರತಿ ತಗೊಂಡು ಹೋಗಿ. ಒಂದನ್ನು ಟಪಾಲು ತಗೊಳ್ಳೋ ಮೇಜಿನಲ್ಲಿ ಕೊಡಿ. ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. "ಇಟ್ಟು ಹೋಗಮ್ಮ, ಆಮೇಲೆ ನೋಡ್ತೀವಿ" ಅಂದ್ರೆ ಮೊಹರು ಬೀಳೋವರೆಗೂ ಅಲ್ಲೇ ನಿಂತಿರಿ.

ತಿಂಗಳಾದ್ರೂ ಉತ್ತರ ಬರಲಿಲ್ಲ ಅಂದ್ರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಕನ್ನಡದಲ್ಲೇ ಅರ್ಜಿ ಬರೆದು 10 ರೂಪಾಯಿ ಶುಲ್ಕ ಕಟ್ಟಬೇಕು. ಬಡತನ ರೇಖೆ ಕೆಳಗಿನವರು ಕಾರ್ಡಿನ ನಕಲು ಇಟ್ಟರೆ ಆ ಶುಲ್ಕ ಇಲ್ಲ. "ನಮ್ಮ ತಕರಾರಿನ ಮೇಲೆ ಏನು ತೀರ್ಮಾನ ಆಯ್ತು? ಸಭೆಯ ನಡಾವಳಿ ಪ್ರತಿ ಕೊಡಿ" ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆಗ ಮೊಹರು ಬಿದ್ದ ಪ್ರತಿ ಬೇಕಾಗುತ್ತೆ. ಅದನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟಿರಿ.