ದೈತ್ಯನ ಎದೆಯೊಳಗಿನ ಹುಡುಗ

ಕರಾವಳಿಯ ದೇವಸ್ಥಾನಗಳ ಉತ್ಸವಕ್ಕೆ ತಟ್ಟಿರಾಯ ಬರುತ್ತಾನೆ. ಬಿದಿರಿನ ಹಂದರ, ಅದರ ಮೇಲೆ ಬಣ್ಣದ ಬಟ್ಟೆ, ತುದಿಯಲ್ಲಿ ಅಗಲ ಕಣ್ಣಿನ ದೊಡ್ಡ ಮುಖ. ವಾದ್ಯದ ಪೆಟ್ಟು ಬಿದ್ದರೆ ಸಾಕು, ತೋಳು ಬೀಸಿಕೊಂಡು ಗಿರ್ರನೆ ತಿರುಗುತ್ತಾನೆ. ಸಣ್ಣ ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುತ್ತವೆ. ಒಂದೆರಡು ವರ್ಷ ಕಳೆದ ಮೇಲೆ ಗುಟ್ಟು ರಟ್ಟಾಗುತ್ತದೆ: ಗೊಂಬೆಯ ಹೊಟ್ಟೆಯ ಹತ್ತಿರ ಒಂದು ಕಿಂಡಿ, ಕಿಂಡಿಯ ಹಿಂದೆ ಬೆವರಿದ ಮುಖ, ಎರಡು ಕಣ್ಣು. ಮೈಸೂರು ದಸರೆಯ ಗಾರುಡಿ ಗೊಂಬೆಗಳೂ ಇವನ ಬಳಗದವೇ. ಒಳಗೆ ಮನುಷ್ಯನಿದ್ದಾನೆ ಎಂದು ತಿಳಿದ ದಿನ ಹೆದರಿಕೆ ಹೋಗುತ್ತದೆ, ಅದರ ಜಾಗದಲ್ಲಿ ಆಸೆ ಹುಟ್ಟುತ್ತದೆ: ನಾನೂ ಒಮ್ಮೆ ಒಳಗೆ ಹೊಗಬೇಕು!

ಈ ಆಸೆಯನ್ನೇ ಹಿಡಿದು ಜಪಾನಿನವರು ಒಂದು ದೊಡ್ಡ ಕಥಾಪ್ರಪಂಚವನ್ನು ಕಟ್ಟಿದರು. ಅದಕ್ಕೆ ಅವರು ಇಟ್ಟ ಹೆಸರು 'ಮೆಕಾ'. ಕಟ್ಟಡದೆತ್ತರದ ಯಂತ್ರಮಾನವ, ಅದನ್ನು ನಡೆಸಲು ಹದಿನಾಲ್ಕೋ ಹದಿನೈದೋ ವಯಸ್ಸಿನ ಹುಡುಗ ಅಥವಾ ಹುಡುಗಿ, ಎದುರಿಗೆ ಊರು ನುಂಗಲು ಬಂದ ಶತ್ರು. ಚೌಕಟ್ಟು ಇಷ್ಟೇ. ಈ ಅಧ್ಯಾಯದಲ್ಲಿ ನಾವು ಕೇಳುವ ಪ್ರಶ್ನೆಯೂ ಒಂದೇ: ದೈತ್ಯನ ಒಳಗೆ ಯಾರಿದ್ದಾರೆ? ಉತ್ತರ ಹುಡುಕುತ್ತ ಟೋಕಿಯೋದಿಂದ ಮುಂಬೈಯ ಪೆಡ್ಡರ್ ರಸ್ತೆಗೆ, ಅಲ್ಲಿಂದ ಟ್ರಾಂಬೆಗೆ ಹೋಗಿ ಬರೋಣ.

ಹೊರಗಿದ್ದವನು ಒಳಗೆ ಬಂದ

1956ರಲ್ಲಿ ಮಿತ್ಸುತೆರು ಯೊಕೊಯಾಮಾ ಎಂಬ ಚಿತ್ರಕಥೆಗಾರ 'ತೆತ್ಸುಜಿನ್ 28' ಎಂಬ ಕಥೆ ಶುರುಮಾಡಿದ. ಅದರಲ್ಲಿ ಹುಡುಗ ಹೊರಗೇ ನಿಂತು, ಕೈಯಲ್ಲಿ ರಿಮೋಟ್ ಹಿಡಿದು ಉಕ್ಕಿನ ದೈತ್ಯನನ್ನು ಆಡಿಸುತ್ತಾನೆ. ರಿಮೋಟ್ ಕಳ್ಳರ ಕೈಗೆ ಸಿಕ್ಕಿದರೆ ದೈತ್ಯನೂ ಕಳ್ಳರ ಪಾಲು. ಇದೇ ಯೊಕೊಯಾಮಾನ ಇನ್ನೊಂದು ಕಥೆ 1967ರಲ್ಲಿ ನಟರು ಅಭಿನಯಿಸಿದ ಟಿ.ವಿ. ಧಾರಾವಾಹಿಯಾಯಿತು. ಕೈಗಡಿಯಾರಕ್ಕೆ ಬಾಯಿ ಕೊಟ್ಟು ಅಪ್ಪಣೆ ಮಾಡುವ ಹುಡುಗ ಜಾನಿ ಸೊಕ್ಕೊ, ಮತ್ತು ಅವನ ಹಾರುವ ರೋಬೋಟ್. 1980ರ ದಶಕದಲ್ಲಿ ದೂರದರ್ಶನದ ಮುಂದೆ ಕೂತವರಲ್ಲಿ ಹಲವರು ಜೈಂಟ್ ರೋಬೋಟನ್ನು ಮರೆತಿರಲಾರರು.

ಹುಡುಗನನ್ನು ಯಂತ್ರದ ಒಳಗೆ ಕೂರಿಸಿ ಆ ಪದ್ಧತಿಗೆ ಗಟ್ಟಿ ಬುನಾದಿ ಹಾಕಿದ್ದು 1972ರ 'ಮಾಜಿಂಗರ್ ಜಡ್'. ಅದರ ಕರ್ತೃ ಗೋ ನಾಗಾಯಿ ರಸ್ತೆಯ ವಾಹನದಟ್ಟಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, ಕಾರಿಗೆ ಕಾಲು ಮೂಡಿ ಮುಂದಿನ ಗಾಡಿಗಳನ್ನೆಲ್ಲ ದಾಟಿ ಹೋಗುವಂತಿದ್ದರೆ ಎಂದು ಯೋಚಿಸಿದನಂತೆ. ಸಾಯಂಕಾಲ ಆರು ಗಂಟೆಗೆ ಅಂಧೇರಿ–ಕುರ್ಲಾ ರಸ್ತೆಯಲ್ಲಿ ರಿಕ್ಷಾದೊಳಗೆ ಕೂತವರಿಗೆ ಈ ಕಲ್ಪನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1979ರಲ್ಲಿ ಯೊಶಿಯುಕಿ ತೊಮಿನೊ ನಿರ್ದೇಶಿಸಿದ 'ಮೊಬೈಲ್ ಸೂಟ್ ಗುಂಡಮ್' ಬಂತು. ಇಲ್ಲಿ ಯಂತ್ರಕ್ಕೆ ದೈವತ್ವವಿಲ್ಲ. ಅದು ಕಾರ್ಖಾನೆಯ ಸರಕು. ಅದರ ಗುಂಡು ಮುಗಿಯುತ್ತದೆ, ಅದು ಕೆಡುತ್ತದೆ, ರಿಪೇರಿಗೆ ಹೋಗುತ್ತದೆ. ಒಳಗಿರುವ ಅಮುರೋಗೆ 15 ವರ್ಷ. ಅವನಿಗೆ ಯುದ್ಧವೇ ಬೇಡವಾಗಿದೆ. ಮೊದಲ ಪ್ರಸಾರದಲ್ಲಿ ನೋಡುವವರಿಲ್ಲದೆ 52 ಕಂತುಗಳ ಯೋಜನೆಯನ್ನು 43ಕ್ಕೇ ಮೊಟಕು ಮಾಡಿದರು. ಮರುಪ್ರಸಾರವೂ ಜೋಡಿಸಿ ಆಡುವ ಪ್ಲಾಸ್ಟಿಕ್ ಗೊಂಬೆಗಳೂ ಅದನ್ನು ಎತ್ತಿ ನಿಲ್ಲಿಸಿದವು. 1981–82ರಲ್ಲಿ ಅದೇ ಕಥೆ ಮೂರು ಸಿನಿಮಾಗಳಾಗಿ ಚಿತ್ರಮಂದಿರಕ್ಕೆ ಬಂತು.

1995ರ 'ಇವಾಂಗೆಲಿಯನ್' ಇನ್ನೂ ಒಳಕ್ಕಿಳಿಯಿತು. ಅದರ ನಿರ್ದೇಶಕ ಹಿದೆಯಾಕಿ ಅನ್ನೊ. 14 ವರ್ಷದ ಶಿಂಜಿಯನ್ನು ಸ್ವಂತ ಅಪ್ಪನೇ ಕರೆಸಿ, ಯಂತ್ರ ಹತ್ತು ಎನ್ನುತ್ತಾನೆ. ಬೆನ್ನಿಗೆ ಸಿಕ್ಕಿಸಿದ ವಿದ್ಯುತ್ ತಂತಿ ಕಿತ್ತುಹೋದರೆ ಆ ದೈತ್ಯ ಓಡುವುದು ಹೆಚ್ಚೆಂದರೆ ಐದೇ ನಿಮಿಷ. ನೋಡುವವರಿಗೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಆ ಐದು ನಿಮಿಷದಲ್ಲಿ ಹುಡುಗ ಪಡುವ ಸಂಕಟ.

ಹದಿಹರೆಯದವರೇ ಯಾಕೆ?

ವ್ಯಾಪಾರದ ಉತ್ತರ ಸುಲಭ. ನೋಡುವವರು ಮಕ್ಕಳು, ಆಟಿಕೆ ಕೊಡಿಸು ಎಂದು ಹಟ ಹಿಡಿಯುವವರೂ ಮಕ್ಕಳು. ಎಷ್ಟೋ ಧಾರಾವಾಹಿಗಳಿಗೆ ಹಣ ಹಾಕಿದ್ದು ಆಟಿಕೆ ಕಂಪನಿಗಳೇ.

ಇನ್ನೊಂದು ಉತ್ತರ ಮೈಯೊಳಗೇ ಇದೆ. ಹದಿಮೂರು ಹದಿನಾಲ್ಕರಲ್ಲಿ ಕೈಕಾಲು ಹೇಳದೆ ಕೇಳದೆ ಉದ್ದವಾಗುತ್ತವೆ, ದನಿ ಒಡೆಯುತ್ತದೆ, ಬಾಗಿಲಿನ ಚೌಕಟ್ಟಿಗೆ ಹಣೆ ಬಡಿಯುತ್ತದೆ. ನಿನ್ನೆಯವರೆಗೆ ತನ್ನದಾಗಿದ್ದ ಮೈ ಇವತ್ತು ಯಾರೋ ಕೊಟ್ಟ ದೊಡ್ಡ ಯಂತ್ರದಂತೆ. ಅದನ್ನು ನಡೆಸಲು ಕಲಿಯಬೇಕು. ಬಿದ್ದರೆ ಊರೆಲ್ಲ ನೋಡುತ್ತದೆ. ದೈತ್ಯ ರೋಬೋಟ್ ಈ ವಯಸ್ಸಿನ ರೂಪಕ.

ಮುಂಬೈಯಲ್ಲಿ ಇದನ್ನು ಕಣ್ಣಾರೆ ನೋಡಬೇಕಾದರೆ, ಎತ್ತರದಲ್ಲಿ ಕಟ್ಟಿದ ಮೊಸರಿನ ಮಡಕೆ ಒಡೆಯುವ ದಹಿಹಂಡಿಯ ದಿನ ದಾದರಿಗೋ ಠಾಣೆಗೋ ಹೋಗಬೇಕು. ಮಡಕೆ ಒಡೆಯುವ ತಂಡಗಳಾದ ಗೋವಿಂದಾ ಪಥಕದವರು ಒಬ್ಬರ ಹೆಗಲ ಮೇಲೊಬ್ಬರು ನಿಂತು 'ಥರ'ದ ಮೇಲೆ 'ಥರ', ಅಂದರೆ ಮನುಷ್ಯರ ಅಂತಸ್ತಿನ ಮೇಲೆ ಅಂತಸ್ತು, ಏರಿಸುತ್ತಾರೆ. 2012ರಲ್ಲಿ ಠಾಣೆಯಲ್ಲಿ ಜೋಗೇಶ್ವರಿಯ ಜೈ ಜವಾನ್ ಪಥಕ ಒಂಬತ್ತು ಥರ ಕಟ್ಟಿ 43 ಅಡಿಗಿಂತ ಎತ್ತರಕ್ಕೆ ಹೋಗಿ ಗಿನ್ನೆಸ್ ದಾಖಲೆ ಮಾಡಿತು. ಕೆಳಗೆ ನೂರಾರು ಗಟ್ಟಿ ಮೈಗಳು, ತುದಿಯಲ್ಲಿ ಎಲ್ಲರಿಗಿಂತ ಹಗುರವಾದ ಒಂದು ಜೀವ. ಬಿದ್ದು ಗಾಯಗೊಂಡವರು, ಸತ್ತವರು ಇದ್ದುದರಿಂದಲೇ ವಿಷಯ ಬಾಂಬೆ ಹೈಕೋರ್ಟಿಗೆ ಹೋಯಿತು. 14 ವರ್ಷದೊಳಗಿನವರನ್ನು ಸೇರಿಸುವುದಿಲ್ಲ ಎಂಬ ಸರಕಾರದ ಮಾತನ್ನು ಕೋರ್ಟು 2017ರಲ್ಲಿ ಒಪ್ಪಿಕೊಂಡಿತು. ಶಿಂಜಿಯ ವಯಸ್ಸೂ 14. ದೊಡ್ಡವರು ಕಟ್ಟಿದ ದೈತ್ಯನ ತಲೆಯ ಮೇಲೆ ಮಕ್ಕಳನ್ನು ಹತ್ತಿಸಬಹುದೇ ಎಂಬ ಪ್ರಶ್ನೆ ಕಾರ್ಟೂನಿಗೆ ಮಾತ್ರ ಸೇರಿದ್ದಲ್ಲ.

18 ಮೀಟರಿನ ಲೆಕ್ಕ

ಕಥೆಯ ಗುಂಡಮ್‌ಗೆ 18 ಮೀಟರ್ ಎತ್ತರ, ಸುಮಾರು ಆರು ಮಾಳಿಗೆ. ಇಂಥದ್ದು ನಿಜವಾಗಿ ನಡೆದೀತೇ? ಒಂದು ಸಣ್ಣ ಲೆಕ್ಕ ಮಾಡೋಣ.

1.8 ಮೀಟರ್ ಎತ್ತರ, 70 ಕಿಲೋ ತೂಕದ ಒಬ್ಬ ಮನುಷ್ಯನನ್ನು ಎಲ್ಲ ಕಡೆಯಿಂದಲೂ ಹತ್ತು ಪಟ್ಟು ಹಿಗ್ಗಿಸಿ. ಎತ್ತರ 18 ಮೀಟರ್ ಆಯಿತು. ಉದ್ದ, ಅಗಲ, ದಪ್ಪ ಮೂರೂ ಹತ್ತು ಪಟ್ಟಾದ್ದರಿಂದ ತೂಕ 10×10×10, ಅಂದರೆ ಸಾವಿರ ಪಟ್ಟು: 70 ಟನ್. ಪಾದಕ್ಕೆ ಉದ್ದ ಅಗಲ ಎರಡೇ. ಅದರ ವಿಸ್ತೀರ್ಣ ನೂರು ಪಟ್ಟು ಮಾತ್ರ. ಹಾಗಾಗಿ ಪಾದದ ಪ್ರತಿ ಅಂಗುಲದ ಮೇಲೂ, ಮೂಳೆಯ ಪ್ರತಿ ಅಂಗುಲದ ಮೇಲೂ ಹತ್ತು ಪಟ್ಟು ಹೆಚ್ಚು ಭಾರ. ಆನೆಯ ಕಾಲು ಜಿಂಕೆಯ ಕಾಲಿನಂತೆ ಸಪೂರ ಇಲ್ಲದಿರುವುದಕ್ಕೂ ಇದೇ ಕಾರಣ. ಇದರ ಜೊತೆಗೆ, ನಡೆಯುವಾಗ ನಮ್ಮ ತಲೆ ಪ್ರತಿ ಹೆಜ್ಜೆಗೂ ಐದಾರು ಸೆಂಟಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಹತ್ತು ಪಟ್ಟಿನ ದೈತ್ಯನ ತಲೆಯಲ್ಲಿ ಕೂತ ಹುಡುಗ ಹೆಜ್ಜೆಗೊಮ್ಮೆ ಅರ್ಧ ಮೀಟರ್ ಎಗರಿ ಬೀಳುತ್ತಾನೆ. ಶತ್ರು ಬರುವ ಮೊದಲೇ ವಾಂತಿ ಬರುತ್ತದೆ.

ಆದರೂ ಜಪಾನಿನವರು ಬಿಡಲಿಲ್ಲ. ಯೊಕೊಹಾಮಾ ಬಂದರಿನಲ್ಲಿ 18 ಮೀಟರಿನ, 25 ಟನ್ ತೂಕದ ಚಲಿಸುವ ಗುಂಡಮ್ ನಿಲ್ಲಿಸಿ, 2020ರ ಡಿಸೆಂಬರಿನಿಂದ 2024ರ ಮಾರ್ಚಿನವರೆಗೆ ಜನರಿಗೆ ತೋರಿಸಿದರು. ಅದು ಕೈ ಎತ್ತುತ್ತಿತ್ತು, ಮಂಡಿ ಮಡಚುತ್ತಿತ್ತು. ಹಿಂದಿನಿಂದ ಒಂದು ಉಕ್ಕಿನ ಆಧಾರ ಅದನ್ನು ಹಿಡಿದುಕೊಂಡೇ ಇರುತ್ತಿತ್ತು. ಬಿಟ್ಟಿದ್ದರೆ ಬೀಳುತ್ತಿತ್ತು.

ಟ್ರಾಂಬೆಯ ಕೈ

ಹಾಗಾದರೆ ಯಂತ್ರದ ಮೈಯನ್ನು ಮನುಷ್ಯ ತನ್ನ ಮೈಯಂತೆ ಆಡಿಸುವುದು ಬರೀ ಕನಸೇ? ಅಲ್ಲ, ಮುಂಬೈಯಲ್ಲೇ ಅದು ದಿನನಿತ್ಯದ ಕೆಲಸ. ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಕಿರಣ ಸೂಸುವ ವಸ್ತುಗಳನ್ನು ಮುಟ್ಟಬೇಕಾಗುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಜೀವಕ್ಕೇ ಅಪಾಯ. ಆದ್ದರಿಂದ ದಪ್ಪ ಗೋಡೆಯ ಒಂದು ಕೋಣೆ, ಗೋಡೆಯಲ್ಲಿ ಸೀಸ ಬೆರೆಸಿದ ದಪ್ಪ ಗಾಜಿನ ಕಿಟಕಿ. ಈಚೆ ನಿಂತವರು ಎರಡು ಹಿಡಿಗಳೊಳಗೆ ಕೈ ತೂರಿಸುತ್ತಾರೆ. ಆಚೆ ಕೋಣೆಯೊಳಗೆ ಎರಡು ಲೋಹದ ಕೈಗಳು ಅದೇ ಕ್ಷಣ ಅದೇ ರೀತಿ ಚಲಿಸುತ್ತವೆ. ಇವರು ಮಣಿಕಟ್ಟು ತಿರುಗಿಸಿದರೆ ಅದೂ ತಿರುಗಿಸುತ್ತದೆ, ಇವರು ಚಿವುಟಿದರೆ ಅದೂ ಚಿವುಟುತ್ತದೆ. ಆಚೆಯ ಕೈಗೆ ಏನಾದರೂ ಗಟ್ಟಿಯಾಗಿ ತಾಗಿದರೆ ಆ ಪ್ರತಿರೋಧ ಈಚೆಯ ಬೆರಳಿಗೂ ಗೊತ್ತಾಗುತ್ತದೆ. ಇಂಥ ಜೋಡಿಕೈಗಳನ್ನು 1940ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗರ್ಟ್ಸ್ ರೂಪಿಸಿದ. ಮೆಕಾ ಕಥೆಗಳು ಹುಟ್ಟುವ ಹೊತ್ತಿಗೆ ಅವುಗಳ ಕೈ ಆಗಲೇ ಹುಟ್ಟಿಯಾಗಿತ್ತು!

ಟ್ರಾಂಬೆಯಿಂದ ಉತ್ತರಕ್ಕೆ, ಪವಯಿಯ ಐಐಟಿಯಲ್ಲಿ ಪ್ರತಿವರ್ಷ 'ಟೆಕ್‌ಫೆಸ್ಟ್' ನಡೆಯುತ್ತದೆ. ಅಲ್ಲಿಯ ರೋಬೋ ಕಾಳಗದಲ್ಲಿ ಹುಡುಗ ಹುಡುಗಿಯರು ಕಟಕಟೆಯ ಹೊರಗೆ ರಿಮೋಟ್ ಹಿಡಿದು ನಿಂತಿರುತ್ತಾರೆ. ಒಳಗೆ ಅವರೇ ಬೆಸುಗೆ ಹಾಕಿದ ಯಂತ್ರಗಳು ಕಿಡಿ ಹಾರಿಸುತ್ತ ಗುದ್ದಾಡುತ್ತವೆ. ಎತ್ತರ ಮೊಣಕಾಲಿನಷ್ಟೂ ಇಲ್ಲ. ಪದ್ಧತಿ ಮಾತ್ರ ತೆತ್ಸುಜಿನ್ 28ರದೇ.

ಪೆಡ್ಡರ್ ರಸ್ತೆಯ ಪಾಠಶಾಲೆ

ಈಗ ಚಿತ್ರ ಬರೆಯುವವರ ಕಡೆ ಬರೋಣ. ಪೆಡ್ಡರ್ ರಸ್ತೆಯಲ್ಲಿದ್ದ ಸರಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಜನ್‌ನಲ್ಲಿ 1956ರಲ್ಲಿ ಕಾರ್ಟೂನ್ ವಿಭಾಗ ಶುರುವಾಯಿತು. ಕಲಿಸಲು ಬಂದವರು ಡಿಸ್ನಿ ಸ್ಟುಡಿಯೋದಲ್ಲಿ ಪಳಗಿದ ಕ್ಲೇರ್ ವೀಕ್ಸ್. ಮರುವರ್ಷ ಜಾತಕ ಕಥೆಯೊಂದನ್ನು ಆಧರಿಸಿದ 'ಬ್ಯಾನ್ಯನ್ ಡಿಯರ್' ಹೊರಬಂತು. ಅಲ್ಲಿ ಕಲಿತವರಲ್ಲಿ ಒಬ್ಬರು ರಾಮ್ ಮೋಹನ್. 1972ರಲ್ಲಿ ಸ್ವಂತ ಸ್ಟುಡಿಯೋ ತೆರೆದ ಅವರನ್ನು ಮುಂದೆ ಎಲ್ಲರೂ ಭಾರತೀಯ ಆನಿಮೇಶನ್ನಿನ ಪಿತಾಮಹ ಎಂದರು. 2019ರಲ್ಲಿ ತೀರಿಕೊಂಡರು.

ಜಪಾನ್ ಮತ್ತು ಮುಂಬೈ ಕೈ ಜೋಡಿಸಿದ್ದು ಅವರ ಮೂಲಕವೇ. ಯುಗೊ ಸಾಕೊ, ರಾಮ್ ಮೋಹನ್, ಕೊಯಿಚಿ ಸಾಸಾಕಿ ಸೇರಿ ನಿರ್ದೇಶಿಸಿದ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' 1992ರಲ್ಲಿ ಸಿದ್ಧವಾಯಿತು. ವನರಾಜ್ ಭಾಟಿಯಾ ಅವರ ಸಂಗೀತ. ಧೋತರದ ನೆರಿಗೆ ಹೇಗೆ ಬೀಳುತ್ತದೆ, ನಮಸ್ಕಾರಕ್ಕೆ ಕೈ ಹೇಗೆ ಮುಗಿಯುತ್ತದೆ ಎಂಬುದನ್ನು ಜಪಾನಿನ ಚಿತ್ರಗಾರರಿಗೆ ನಮ್ಮವರು ತೋರಿಸಿಕೊಟ್ಟರು. ಕೆಲಸ ಎಷ್ಟು ಎಂಬುದನ್ನು ನೀವೇ ಎಣಿಸಿ. ಚಿತ್ರದ ಉದ್ದ 135 ನಿಮಿಷ, ಅಂದರೆ 8,100 ಸೆಕೆಂಡು. ಸೆಕೆಂಡಿಗೆ 24 ಚೌಕಟ್ಟು, ಒಟ್ಟು 1,94,400. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿಕೊಂಡರೂ ಬರೆಯಬೇಕಾದದ್ದು ಲಕ್ಷದ ಹತ್ತಿರ, ಅದೂ ಕೈಯಲ್ಲೇ. ಆ ಚಿತ್ರದ ಕುಂಭಕರ್ಣ ಎದ್ದು ನಿಂತಾಗ ಕಪಿಗಳು ಇರುವೆಗಳಂತೆ ಕಾಣುತ್ತವೆ. ಗುಡ್ಡದಂಥ ಮೈಗೆ ತೂಕ ಬರುವಂತೆ ಬರೆಯುವ ವಿದ್ಯೆ, ಮೆಕಾ ಚಿತ್ರಗಳನ್ನು ನಿಲ್ಲಿಸಿದ ವಿದ್ಯೆಯೇ. ಹೊಸ ರೂಪದಲ್ಲಿ ಈ ಚಿತ್ರ 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಮತ್ತೆ ಬಂತು.

ಇನ್ನೊಂದು ಕೊಡುಕೊಳ್ಳುವಿಕೆ 2012ರದು. ಜಪಾನಿನ ಹಳೆಯ ಬೇಸ್‌ಬಾಲ್ ಕಥೆ 'ಕ್ಯೊಜಿನ್ ನೊ ಹೊಶಿ'ಯನ್ನು ಮುಂಬೈಯ ಬಡ ಬಸ್ತಿಗೆ ತಂದು, ಬೇಸ್‌ಬಾಲ್ ಜಾಗಕ್ಕೆ ಕ್ರಿಕೆಟ್ ಇಟ್ಟು 'ಸೂರಜ್: ದಿ ರೈಸಿಂಗ್ ಸ್ಟಾರ್' ಎಂದು ಟಿ.ವಿ.ಯಲ್ಲಿ ತೋರಿಸಿದರು. ಮೂಲದಲ್ಲಿ ಅಪ್ಪ ಮಗನ ಮೈಗೆ ಬಿಗಿಯುವುದು ಉಕ್ಕಿನ ಸ್ಪ್ರಿಂಗುಗಳ ಕವಚ. ಮುಂಬೈಯ ಸೂರಜನಿಗೆ ಅದು ಸೈಕಲ್ ಟ್ಯೂಬಾಯಿತು. ಕಬ್ಬಿಣದ ಕವಚ ತೊಟ್ಟ ಹುಡುಗ ಬಸ್ತಿಗೆ ಬಂದರೆ ಹೀಗೆ, ಪಂಕ್ಚರ್ ಅಂಗಡಿಯ ದಾರಿಯಾಗಿಯೇ ಬರಬೇಕು.

ಒಳಗೆ ಯಾರಿದ್ದಾರೆ?

2018ರಲ್ಲಿ 'ಪೆಸಿಫಿಕ್ ರಿಮ್: ಅಪ್‌ರೈಸಿಂಗ್' ಎಂಬ ಹಾಲಿವುಡ್ ಚಿತ್ರ ಬಂತು. ಜಪಾನಿನ ಮೆಕಾ ಕಥೆಗಳ ಋಣ ಹೊತ್ತ ಈ ಚಿತ್ರದಲ್ಲಿ 15 ವರ್ಷದ ಹುಡುಗಿಯೊಬ್ಬಳು ದೈತ್ಯ ಯಂತ್ರದ ಒಳಗೆ ನಿಂತು ಕಾದುತ್ತಾಳೆ. ಅದರ ಕಂಪ್ಯೂಟರ್ ದೃಶ್ಯಗಳ ಮುಖ್ಯ ಹೊಣೆ ಹೊತ್ತ ಸಂಸ್ಥೆ ಡಿನೆಗ್. ಲಂಡನ್ನಿನ ಈ ಸಂಸ್ಥೆ 2014ರಲ್ಲಿ ಕೂಡಿಕೊಂಡದ್ದು ಮುಂಬೈಯಲ್ಲಿ ನಮಿತ್ ಮಲ್ಹೋತ್ರಾ ಹುಟ್ಟುಹಾಕಿದ ಪ್ರೈಮ್ ಫೋಕಸ್ ಜೊತೆ. ಇಂದು ಮುಂಬೈಯ ಇಂಥ ಸ್ಟುಡಿಯೋಗಳಲ್ಲಿ ಸಾವಿರಾರು ಯುವಕ ಯುವತಿಯರು ಪರದೇಶದ ದೈತ್ಯರಿಗೆ ತುಕ್ಕು, ಧೂಳು, ನೆರಳು ಬಳಿಯುತ್ತ ರಾತ್ರಿ ಪಾಳಿ ಮುಗಿಸಿ ಕೊನೆಯ ಲೋಕಲ್ ಹಿಡಿಯುತ್ತಾರೆ. ಚಿತ್ರ ಮುಗಿದು ಹೆಸರುಗಳ ಪಟ್ಟಿ ಓಡುವ ಹೊತ್ತಿಗೆ ಚಿತ್ರಮಂದಿರ ಅರ್ಧ ಖಾಲಿ.

ತಟ್ಟಿರಾಯನ ಕಿಂಡಿ ಇರುವುದು ಇಲ್ಲಿಯೇ. ಕೈ ನಮ್ಮದು, ಬೆವರು ನಮ್ಮದು. ಕುಣಿತದ ತಾಳ ಬೇರೆಯವರದು. ಆ ತಾಳವನ್ನೂ ನಾವೇ ಹಾಕಬಹುದು ಎಂಬುದಕ್ಕೆ ಗೀತಾಂಜಲಿ ರಾವ್ ಅವರ 'ಬಾಂಬೆ ರೋಸ್' ಸಾಕ್ಷಿ. ಮುಂಬೈಯ ಬೀದಿಯನ್ನೇ ಚೌಕಟ್ಟು ಚೌಕಟ್ಟಾಗಿ ಬಣ್ಣದಲ್ಲಿ ಬರೆದ ಆ ಚಿತ್ರ 2019ರಲ್ಲಿ ವೆನಿಸ್ ಉತ್ಸವದವರೆಗೆ ಹೋಯಿತು. ಅದರಲ್ಲಿ ರೋಬೋಟ್ ಇಲ್ಲ. ಕಥೆ ನಮ್ಮದಾದರೆ ಮೈ ಎಷ್ಟು ದೊಡ್ಡದಿರಬೇಕು ಎಂಬುದನ್ನೂ ನಾವೇ ನಿರ್ಧರಿಸಬಹುದು.

ಮಾಡಿ ನೋಡಿ: ಹಳೆಯ ನೋಟುಪುಸ್ತಕವೊಂದನ್ನು ತೆಗೆದುಕೊಳ್ಳಿ. 24 ಹಾಳೆಗಳ ಬಲಮೂಲೆಯಲ್ಲಿ ತಟ್ಟಿರಾಯನೊಬ್ಬ ಎರಡು ಹೆಜ್ಜೆ ನಡೆಯುವುದನ್ನು ಬರೆಯಿರಿ. ಹಾಳೆಯಿಂದ ಹಾಳೆಗೆ ಕಾಲು ಸ್ವಲ್ಪವೇ ಸರಿಯಲಿ. ಹೊಟ್ಟೆಯಲ್ಲಿ ಕಿಂಡಿ ಬಿಡಲು ಮರೆಯಬೇಡಿ. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಎರಡು ಸೆಕೆಂಡಿನ ಸಿನಿಮಾ. ದೈತ್ಯ ನಡೆಯುತ್ತಾನೆ. ಒಳಗಿರುವವರು ನೀವು.