ಆಯದಿಂದ ಗುತ್ತಿಗೆಯವರೆಗೆ: ಕೊಪ್ಪಳ ಸೀಮೆಯ ಕಸುಬುದಾರರೂ ಅವರ ಒಪ್ಪಂದಗಳೂ

ಬಿತ್ತನೆಯ ಮುನ್ನ ರೈತನು ನೇಗಿಲ ಕುಳವನ್ನು ಕುಲುಮೆಗೆ ಒಯ್ಯುವನು. ಕಂಬಾರನು ಅದನ್ನು ಕಾಯಿಸಿ, ಬಡಿದು, ಮೊನೆಮಾಡಿ ಕೊಡುವನು. ಒಬ್ಬನು ಕೂಲಿ ಕೇಳುವುದಿಲ್ಲ, ಮತ್ತೊಬ್ಬನು ಕೊಡುವುದಿಲ್ಲ. ಲೆಕ್ಕ ತೀರುವುದು ಸುಗ್ಗಿಯಲ್ಲಿ, ಕಣದ ರಾಶಿಯ ಮುಂದೆ. ಎರಡು ಮೂರು ತಲೆಮಾರುಗಳ ಹಿಂದೆ ನಮ್ಮ ನಾಡಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿದ್ದ ಈ ವ್ಯವಹಾರಕ್ಕೆ ಆಯವೆಂದು ಹೆಸರು. ಇಂದು ಅದೇ ರೈತನ ಮೊಮ್ಮಗನು ಟ್ರ್ಯಾಕ್ಟರಿನ ಕುಂಟೆಯನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, ಕೆಲಸ ಮುಗಿದೊಡನೆ ಹಣವೆಣಿಸುತ್ತಾನೆ, ಇಲ್ಲವೆ ಉದ್ರಿ ಬರೆಸುತ್ತಾನೆ. ಈ ಎರಡು ರೀತಿಗಳ ನಡುವೆ ಬದಲಾದುದು ಬೆಲೆಯೊಂದೇ ಅಲ್ಲ. ಕೆಲಸದಲ್ಲಿ ಅಡಗಿರುವ ನಷ್ಟದ ಭಯವನ್ನು ಯಾರು ಹೊರಬೇಕೆಂಬ ಏರ್ಪಾಡೇ ಬದಲಾಗಿದೆ. ಇದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸಂದರ್ಭದಲ್ಲಿ ವಿವೇಚಿಸುವುದು ಈ ಲೇಖನದ ಉದ್ದೇಶ. 1956ರವರೆಗೆ ಹೈದರಾಬಾದು ರಾಜ್ಯಕ್ಕೂ, ಅನಂತರ 1997ರವರೆಗೆ ರಾಯಚೂರು ಜಿಲ್ಲೆಗೂ ಸೇರಿದ್ದ ಈ ತಾಲೂಕುಗಳಿಂದ ಈಚೆಗೆ ಕುಕನೂರು, ಕನಕಗಿರಿ, ಕಾರಟಗಿಗಳು ಬೇರೆಯಾಗಿವೆ. ಇಲ್ಲಿ ಹಳೆಯ ಎಲ್ಲೆಗಳನ್ನೇ ಗ್ರಹಿಸಿದೆ.

ವಿಜಯನಗರ ಕಾಲದ ಗ್ರಾಮವ್ಯವಸ್ಥೆಯನ್ನು ವಿವರಿಸುವ ಇತಿಹಾಸಕಾರರು ಹನ್ನೆರಡು ಮಂದಿ ಆಯಗಾರರನ್ನು ಹೇಳುತ್ತಾರೆ. ಪಟ್ಟಿ ಊರಿಂದೂರಿಗೆ ಭಿನ್ನವಾದರೂ ಬಡಿಗ, ಕಂಬಾರ, ಕುಂಬಾರ, ಅಗಸ, ಕ್ಷೌರಿಕ, ತಳವಾರರು ಸಾಮಾನ್ಯವಾಗಿ ಅದರಲ್ಲಿರುತ್ತಾರೆ. ಆ ಸಾಮ್ರಾಜ್ಯದ ಆನೆಗೊಂದಿಯು ಗಂಗಾವತಿ ತಾಲೂಕಿನಲ್ಲಿಯೇ ಇದೆಯಷ್ಟೆ. ಕಾಲೇಜಿನ ಹಾಜರಿ ಪುಸ್ತಕವನ್ನು ತೆರೆದರೆ ಬಡಿಗೇರ, ಕಂಬಾರ, ಕುಂಬಾರ, ಮಡಿವಾಳರ, ತಳವಾರ ಎಂಬ ಅಡ್ಡಹೆಸರುಗಳು ಇಂದಿಗೂ ಕಾಣುತ್ತವೆ. ಕಸುಬು ಬಿಟ್ಟುಹೋದರೂ ಹೆಸರು ಉಳಿದಿದೆ.

ಆಯದ ಮರ್ಮವೇನು? ಕಸುಬುದಾರನಿಗೆ ಸಲ್ಲುತ್ತಿದ್ದ ಕಾಳು ಮಾಡಿದ ಕೆಲಸವನ್ನು ಒಂದೊಂದಾಗಿ ಎಣಿಸಿ ಕೊಟ್ಟುದಲ್ಲ. ವರ್ಷವಿಡೀ ಕರೆದಾಗ ಬರುವ ಹೊಣೆಗೆ ಅದು ಪ್ರತಿಫಲ. ನೇಗಿಲು ಒಂದು ಸಲ ಮುರಿಯಲಿ, ಐದು ಸಲ ಮುರಿಯಲಿ, ಬಡಿಗನು ಸರಿಪಡಿಸಲೇಬೇಕು. ಮಳೆಯ ಮರುದಿನ ಕೂರಿಗೆ ಸಿದ್ಧವಿಲ್ಲದಿದ್ದರೆ ಹದ ತಪ್ಪಿ ವರ್ಷದ ಬೆಳೆಯೇ ಹೋಗುವ ಒಣಬೇಸಾಯದಲ್ಲಿ ಈ ಭರವಸೆಯ ಬೆಲೆ ಬಹಳ ದೊಡ್ಡದು. ಮಂಡ್ಯದ ಎರಡು ಹಳ್ಳಿಗಳನ್ನು 1950ರ ದಶಕದಲ್ಲಿ ಅಭ್ಯಸಿಸಿ 1962ರಲ್ಲಿ ಗ್ರಂಥ ಪ್ರಕಟಿಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು ಈ ಪದ್ಧತಿಯ ಇನ್ನೊಂದು ಮುಖವನ್ನು ತೋರಿಸಿದರು. ಸಂಪ್ರದಾಯದ ಪ್ರತಿಫಲವು ಹೆಚ್ಚುಕಡಿಮೆ ಸ್ಥಿರವಾದುದು. ಕೆಟ್ಟ ವರ್ಷದಲ್ಲಿ ಅದು ಕೆಲಸಗಾರನ ಹೊಟ್ಟೆಯನ್ನು ಕಾಯುತ್ತದೆ, ಒಳ್ಳೆಯ ವರ್ಷದಲ್ಲಿ ಹೆಚ್ಚಿದ ಫಲವೆಲ್ಲ ಹೊಲದೊಡೆಯನಿಗೇ ಸಲ್ಲುತ್ತದೆ. ಅಂದರೆ ಆಯವು ಒಂದು ಬಗೆಯ ವಿಮೆ; ಅದರ ಕಂತನ್ನು ಕಟ್ಟುತ್ತಿದ್ದವನು ಕಸುಬುದಾರನೇ.

ಇಷ್ಟು ಹೇಳಿ ಆಯವನ್ನು ಸಹಕಾರದ ಸುವರ್ಣಯುಗವೆಂದು ಬಣ್ಣಿಸುವವರೊಡನೆ ಈ ಲೇಖಕನಿಗೆ ಸಮ್ಮತಿಯಿಲ್ಲ. ಕಂಬಾರನೂ ಬಡಿಗನೂ ಕುಲುಮೆಯ ಮುಂದೆ ರೈತನನ್ನು ಕಾಯಿಸಬಲ್ಲವರಾಗಿದ್ದರು. ಮಿಣಿ ಬಾರುಕೋಲುಗಳನ್ನು ಒದಗಿಸಿ, ಸತ್ತ ದನವನ್ನು ಸಾಗಿಸುತ್ತಿದ್ದ ಮಾದರಿಗೆ ಆ ಬಲವಿರಲಿಲ್ಲ. ಅವರ ಪಾಲು ಕಣದ ಅಂಚಿನಲ್ಲಿ ನಿಂತು ಪಡೆಯುವ ಪಾಲಾಗಿತ್ತು; ‘ಒಲ್ಲೆ’ ಎನ್ನುವ ಅಧಿಕಾರ ಅವರಿಗಿರಲಿಲ್ಲ. ಒಲ್ಲೆನೆನ್ನಲಾರದವನೊಡನೆ ನಡೆದುದನ್ನು ಒಪ್ಪಂದವೆಂದು ಕರೆಯುವುದು ಕಷ್ಟ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾನೂನು 1963ರಲ್ಲಿ ಜಾರಿಗೆ ಬಂದುದೂ, 1976ರ ಕಾನೂನು ಜೀತವನ್ನು ನಿಷೇಧಿಸಿದುದೂ ಈ ಹಿನ್ನೆಲೆಯಲ್ಲಿ ಮುಖ್ಯವಾದ ಸಂಗತಿಗಳು.

ಕಾನೂನಿಗಿಂತ ಮೊದಲೇ ನೀರು ಬಂದಿತು. 1953ರಲ್ಲಿ ತುಂಗಭದ್ರಾ ಜಲಾಶಯದ ಕಟ್ಟಡ ಮುಗಿದು ಎಡದಂಡೆಯ ಕಾಲುವೆಯು ಗಂಗಾವತಿಯ ಬಯಲನ್ನು ಭತ್ತದ ನಾಡಾಗಿ ಮಾರ್ಪಡಿಸಿತು. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲಸಿದ ಒಕ್ಕಲುಗಳಿಗೆ ಇಲ್ಲಿಯ ಕಂಬಾರನೊಡನೆ ಅಜ್ಜನ ಕಾಲದ ಋಣವಿರಲಿಲ್ಲ. ಅವರು ಕೆಲಸಕ್ಕೆ ಹಣ ಕೊಟ್ಟರು. ಅಕ್ಕಿ ಗಿರಣಿ ಬಂದಿತು, ಹಮಾಲರು ಬಂದರು, ಯಂತ್ರಗಳ ದುರಸ್ತಿಯ ಅಂಗಡಿಗಳು ಬಂದವು. ಆದರೆ ನೀರು ಹರಿದಲ್ಲೆಲ್ಲ ಆಯ ಅಳಿಯುವುದೆಂಬ ಸೂತ್ರ ಸರಿಯಲ್ಲ. ಎಪ್‌ಸ್ಟೈನ್ ಅವರು ಕಂಡ ನೀರಾವರಿಯ ಹಳ್ಳಿಯಲ್ಲಿ ಹಳೆಯ ಸಂಬಂಧಗಳು ಉಳಿದವು. ಒಣಭೂಮಿಯ ಹಳ್ಳಿಯವರೇ ಹೊರಗಿನ ಉದ್ಯೋಗಗಳನ್ನು ಹಿಡಿದು ಅವುಗಳಿಂದ ಬಿಡಿಸಿಕೊಂಡರು. ಗಂಗಾವತಿಯಲ್ಲಿ ನೀರಿನೊಡನೆ ಹೊಸ ಜನವೂ ಬಂದುದು ವಿಶೇಷ. ಜೋಳ, ಸಜ್ಜೆ, ಕಡಲೆಗಳ ಕುಷ್ಟಗಿ ಯಲಬುರ್ಗಾಗಳಲ್ಲಿ ಅಂಥ ಕಾಲುವೆಯಿರಲಿಲ್ಲ. ಅಲ್ಲಿ ಹಳೆಯ ರೂಢಿಯನ್ನು ಸಡಿಲಿಸಿದುದು ಟ್ರ್ಯಾಕ್ಟರು ಮತ್ತು ದುಡಿಮೆಗಾಗಿ ಊರು ಬಿಡುವ ಜನರ ಗುಳೆ.

ಹಣದ ಒಪ್ಪಂದದಲ್ಲಿಯೂ ಎರಡು ಬಗೆಗಳುಂಟು. ಮನೆ ಕಟ್ಟಿಸುವವನು ಗೌಂಡಿಯನ್ನು ದಿನಗೂಲಿಗೆ ಕರೆದರೆ ಕೆಲಸ ನಿಧಾನವಾಗುವ ನಷ್ಟ ಮನೆಯವನದು. ಗುತ್ತಿಗೆಗೆ ಕೊಟ್ಟರೆ ನಡುವೆ ಮಳೆ ಬಂದರೂ, ಆಳು ತಪ್ಪಿಸಿದರೂ ನಷ್ಟ ಗೌಂಡಿಯದು, ಆಗ ಅವನು ಸುಣ್ಣ ಸಿಮೆಂಟುಗಳಲ್ಲಿ ಉಳಿಸಲು ನೋಡಿದರೆ ಆಶ್ಚರ್ಯವಿಲ್ಲ. ಸಾಮಾನನ್ನು ಮನೆಯವನೇ ತಂದು ಕೈಕೆಲಸವನ್ನಷ್ಟೇ ಗುತ್ತಿಗೆಗೆ ಕೊಡುವ ರೂಢಿಯು ಈ ಇಕ್ಕಟ್ಟಿನಿಂದಲೇ ಹುಟ್ಟಿದುದು. ಅದು ಜಾಣತನದ ಏರ್ಪಾಡು.

ಕೊಪ್ಪಳದ ಸಮೀಪದ ಕಿನ್ನಾಳವು ಇದೇ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಮುಂದಿಡುತ್ತದೆ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಗಳನ್ನೂ ದೇವತಾಮೂರ್ತಿಗಳನ್ನೂ ಮಾಡುತ್ತಾರೆ. ಈ ಕಲೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಮರದ ಭಾಗಗಳನ್ನು ಹುಣಸೆಬೀಜದ ಸರಿಯಿಂದ ಬೆಸೆದು, ಸೆಣಬಿನ ಪುಡಿ, ಮರದ ಹೊಟ್ಟು ಮತ್ತು ಅದೇ ಸರಿ ಸೇರಿಸಿ ಮಾಡಿದ ‘ಕಿಟ್ಟ’ವನ್ನು ಮೇಲೆ ಬಳಿಯುತ್ತಾರೆ, ಅದರ ಮೇಲೆ ಬಟ್ಟೆಯ ತುಂಡು, ಆಮೇಲೆ ಕಲ್ಲಿನ ನುಣುಪು ಪುಡಿಯ ಲೇಪ, ಕೊನೆಗೆ ಬಣ್ಣ. ಒಂದು ಲೇಪ ಆರದೆ ಮತ್ತೊಂದನ್ನು ಹಚ್ಚುವಂತಿಲ್ಲ. ಆದ್ದರಿಂದ ಮೂರ್ತಿಯನ್ನು ಹೇಳಿ ಮಾಡಿಸುವವರು ಜಾತ್ರೆಯ ದಿನವನ್ನು ಹಿಡಿದು ಅವಸರಪಡಿಸಿದರೆ ಒಳಗಿನ ತೇವ ಮುಂದೆ ಬಿರುಕಾಗಿ ಹೊರಬೀಳುತ್ತದೆ. ಮುಂಗಡವು ಇಲ್ಲಿ ಬರಿಯ ಸಂಚಕಾರವಲ್ಲ. ಆರುವ ದಿನಗಳಲ್ಲಿ ಕೈ ಖಾಲಿಯಾಗಿ ಕಾಯುವ ಕುಶಲಿಯ ಅನ್ನವೂ ಅದೇ. ಮುಂಗಡ ತೀರ ಕಡಮೆಯಾದರೆ ಅವನು ಸಾಲಕ್ಕೆ ಹೋಗುತ್ತಾನೆ, ಇಲ್ಲವೆ ಇನ್ನೊಬ್ಬರ ಕೆಲಸವನ್ನು ಒಪ್ಪಿಕೊಂಡು ಎರಡನ್ನೂ ತಡಮಾಡುತ್ತಾನೆ. ಕುಶಲಿಗಳು ಮಾತಿಗೆ ತಪ್ಪುತ್ತಾರೆಂಬ ದೂರಿನಲ್ಲಿ ಎಷ್ಟೋ ಪಾಲು ಹೀಗೆ ಹುಟ್ಟಿದ್ದಾಗಿರಬಹುದು.

ಆಯ ಹೋದರೂ ಅದರ ಒಂದು ನೆರಳು ಉಳಿದಿದೆ. ‘ಮೊದಲು ಕೆಲಸ ಮುಗಿಸು, ಆಮೇಲೆ ನೋಡೋಣ’ ಎಂಬ ಮಾತನ್ನು ಓದಿದವರೂ ಆಡುತ್ತಾರೆ. ಆಯದಲ್ಲಿ ‘ಆಮೇಲೆ’ ಎಂದರೆ ಸುಗ್ಗಿ. ಅದು ಊರಿಗೆಲ್ಲ ಗೊತ್ತಿದ್ದ ದಿನ. ಇಂದಿನ ‘ಆಮೇಲೆ’ಗೆ ತಿಥಿಯಿಲ್ಲ. 1872ರ ಕರಾರು ಅಧಿನಿಯಮದ ಮೇರೆಗೆ ಬಾಯಿಮಾತಿನ ಒಪ್ಪಂದವೂ ಸಾಮಾನ್ಯವಾಗಿ ಊರ್ಜಿತವೇ. ಅದರ 70ನೆಯ ವಿಧಿಯಂತೆ, ಧರ್ಮಾರ್ಥವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ನ್ಯಾಯವಾಗಿ ಮಾಡಿದ ಕೆಲಸದ ಲಾಭ ಪಡೆದವನು ಪರಿಹಾರ ಕೊಡತಕ್ಕದ್ದು. ಆದರೆ ನಾಲ್ಕು ಸಾವಿರ ರೂಪಾಯಿಯ ಬಾಕಿಗಾಗಿ ಬಡಿಗನೊಬ್ಬನು ನ್ಯಾಯಾಲಯದ ಮೆಟ್ಟಿಲೇರುವುದು ಕೆಲಸದ ದಿನಗಳನ್ನು ಕಳೆದುಕೊಂಡೇ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಕಸುಬುಗಳವರಿಗೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅನಂತರ ಎರಡು ಲಕ್ಷ ರೂಪಾಯಿಗಳವರೆಗಿನ ಸಾಲವನ್ನು ಗೊತ್ತುಪಡಿಸಿದೆ. ಸಾಲದ ಕಂತಿಗೆ ತಾರೀಖುಂಟು. ಗಿರಾಕಿಯ ಬಾಕಿಗೆ ಇಲ್ಲ. ಕ್ಷೇತ್ರಕಾರ್ಯಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳ ಪ್ರಶ್ನಾವಳಿಯಲ್ಲಿ ಕೂಲಿ ಎಷ್ಟೆಂಬ ಅಂಕಣ ಇದ್ದೇ ಇರುತ್ತದೆ. ಕೆಲಸ ಮುಗಿದ ದಿನ ಯಾವುದು, ಹಣ ಕೈಸೇರಿದ ದಿನ ಯಾವುದು, ನಡುವೆ ಎಷ್ಟು ಸಲ ಬಾಗಿಲಿಗೆ ಹೋಗಬೇಕಾಯಿತು ಎಂಬ ಮೂರು ಅಂಕಣಗಳನ್ನು ಅದರ ಪಕ್ಕದಲ್ಲಿ ಸೇರಿಸಿಕೊಳ್ಳಬಹುದು.