ನಕ್ಷತ್ರ ತೂಗದ ಮನೆಯ ಕ್ರಿಸ್ಮಸ್

ಡಿಸೆಂಬರ್ ಮೊದಲ ವಾರದಿಂದಲೇ ನಮ್ಮ ಬೀದಿಯ ನಾಲ್ಕಾರು ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತಿವೆ. ನಮ್ಮ ಮನೆಯ ಕೊಕ್ಕೆ ಮಾತ್ರ ಖಾಲಿಯಾಗಿದೆ. ಎದುರುಮನೆಯ ಏಳು ವರ್ಷದ ಹುಡುಗ ಗೇಟಿನ ಬಳಿ ನಿಂತು, ‘ತಾತ, ನಿಮ್ಮ ಸ್ಟಾರ್ ಯಾವಾಗ ಹಾಕ್ತೀರಿ?’ ಎಂದು ಎರಡು ಬಾರಿ ಕೇಳಿದ್ದಾನೆ. ಎರಡನೆಯ ಬಾರಿ ಅವನ ತಾಯಿ ಕಣ್ಣಲ್ಲೇ ಗದರಿಸಿ ಒಳಗೆ ಕರೆದೊಯ್ದರು. ಕಾರಣ ಅವರಿಗೆ ಗೊತ್ತು. ಈ ವರ್ಷದ ಮಾರ್ಚ್ ತಿಂಗಳಲ್ಲಿ ನನ್ನ ಪತ್ನಿ ತೀರಿಕೊಂಡಳು.

ನಮ್ಮದು ಮೂಲತಃ ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತ ಕುಟುಂಬ. ಬೆಂಗಳೂರಿಗೆ ಬಂದು ಮೂವತ್ತು ವರ್ಷಗಳಾದರೂ ಡಿಸೆಂಬರ್‌ನಲ್ಲಿ ನಮ್ಮ ಅಡುಗೆಮನೆ ಮಂಗಳೂರಿನದೇ ಆಗಿರುತ್ತಿತ್ತು. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ ಎಲ್ಲ ಸೇರಿದ ತಿಂಡಿಗಳ ಗುಂಪಿಗೆ ನಮ್ಮಲ್ಲಿ ‘ಕುಸ್ವಾರ್’ ಎಂದು ಹೆಸರು. ಬೆಂಗಳೂರಿನಿಂದ ನಾವು ಕಲಿತದ್ದೆಂದರೆ ರಾಗಿ ಬಿತ್ತುವುದು. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ, ಯೇಸು ಜನಿಸಿದ ಗೋದಲಿಯನ್ನು ಕಟ್ಟುವ ಹೊತ್ತಿಗೆ ಸುತ್ತಲೂ ಇಡಲು ಹಸಿರು ಹುಲ್ಲುಗಾವಲು ಸಿದ್ಧವಾಗುತ್ತದೆ. ಈ ಕೆಲಸ ನನ್ನ ಪತ್ನಿಯದಾಗಿತ್ತು. ಅಟ್ಟದಿಂದ ನಕ್ಷತ್ರ ಇಳಿಸುವುದಷ್ಟೇ ನನ್ನ ಪಾಲಿನದು.

ಸಾವು ಸಂಭವಿಸಿದ ವರ್ಷದಲ್ಲಿ ನಮ್ಮ ಮನೆಗಳಲ್ಲಿ ಕುಸ್ವಾರ್ ಮಾಡುವುದಿಲ್ಲ. ನಾಡಿನ ಅನೇಕ ಹಿಂದೂ ಕುಟುಂಬಗಳಲ್ಲಿಯೂ ವರ್ಷಾಬ್ದಿಕ ಕಳೆಯುವತನಕ ಹಬ್ಬ ಆಚರಿಸುವುದಿಲ್ಲವಷ್ಟೆ. ಆದ್ದರಿಂದ ಸಂಪ್ರದಾಯದ ಪ್ರಕಾರ ನಾನು ಈ ಡಿಸೆಂಬರ್‌ನಲ್ಲಿ ಏನನ್ನೂ ಮಾಡಬೇಕಾಗಿಲ್ಲ. ಆದರೂ ಮನಸ್ಸು ಸಮಾಧಾನಗೊಂಡಿಲ್ಲ. ಹಬ್ಬದ ಸಿದ್ಧತೆ ಮಾಡಿದರೆ ಅಗಲಿದವಳನ್ನು ಮರೆತಂತೆ. ಮಾಡದಿದ್ದರೆ ಅವಳು ಇಷ್ಟು ವರ್ಷ ನಡೆಸಿಕೊಂಡು ಬಂದದ್ದನ್ನು ಕೈಬಿಟ್ಟಂತೆ. ಈ ಎರಡರ ನಡುವೆ ದಿನಗಳು ಸರಿಯುತ್ತಿವೆ.

ಮಾರುಕಟ್ಟೆಗೆ ಇಂತಹ ಸಂದಿಗ್ಧ ಇಲ್ಲ. ನವೆಂಬರ್‌ನಲ್ಲಿಯೇ ಮಾಲುಗಳಲ್ಲಿ ಮರ ನಿಲ್ಲುತ್ತದೆ, ರಿಯಾಯಿತಿಯ ಫಲಕಗಳು ಏಳುತ್ತವೆ. ಎಲ್ಲರೂ ಸಂತೋಷವಾಗಿರಲೇಬೇಕು ಎಂಬುದು ಅಲ್ಲಿಯ ಆದೇಶ. ಚರ್ಚಿನ ಪಂಚಾಂಗ ಇದಕ್ಕಿಂತ ವಿವೇಕದ್ದು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ಅದು ‘ಆಗಮನ ಕಾಲ’ ಎನ್ನುತ್ತದೆ. ಆಗ ಪಾದ್ರಿಗಳು ಧರಿಸುವ ವಸ್ತ್ರದ ಬಣ್ಣ ನೇರಳೆ. ತಪಸ್ಸು ಕಾಲದ ಬಣ್ಣವೂ ಅದೇ. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣಕ್ಕೆ ಅವಕಾಶವಿದೆ. ಅಂದರೆ ಇದು ಸಂಭ್ರಮದ ಕಾಲವಲ್ಲ, ಕಾಯುವ ಕಾಲ. ಕಾಯುವವನು ನಗಲೇಬೇಕೆಂಬ ನಿಯಮವಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಪ್ರತಿ ಡಿಸೆಂಬರ್‌ನಲ್ಲಿ ಒಂದು ಪ್ರಬಂಧ ನೆನಪಾಗುತ್ತದೆ. ಜೋಯೆಲ್ ವಾಲ್ಡ್‌ಫೊಗೆಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1993ರಲ್ಲಿ ಕ್ರಿಸ್ಮಸ್ ಉಡುಗೊರೆಗಳ ನಷ್ಟವನ್ನು ಲೆಕ್ಕ ಹಾಕಿದ. ಉಡುಗೊರೆಗೆ ಕೊಟ್ಟವರು ತೆತ್ತ ಬೆಲೆಗಿಂತ ಪಡೆದವರು ಕಟ್ಟುವ ಬೆಲೆ ಕಡಿಮೆ. ಹೀಗೆ ಹತ್ತರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಮೌಲ್ಯ ನಾಶವಾಗುತ್ತದೆ ಎಂಬುದು ಅವನ ವಾದ. ಸೇವೆಯಲ್ಲಿದ್ದಾಗ ಇದನ್ನು ಉಲ್ಲೇಖಿಸಿ ಪತ್ನಿಯನ್ನು ಛೇಡಿಸುತ್ತಿದ್ದೆ. ಆದರೆ ಭಾವನಾತ್ಮಕ ಮೌಲ್ಯವನ್ನು ಬದಿಗಿಟ್ಟು ಉತ್ತರಿಸಬೇಕೆಂದು ಅವನು ವಿದ್ಯಾರ್ಥಿಗಳಿಗೆ ಸೂಚಿಸಿದ್ದ. ಆ ಸೂಚನೆಯ ತೂಕ ನನಗೆ ಅರಿವಾದದ್ದು ಈ ವರ್ಷ.

ಕುಸ್ವಾರ್ ಮಾಡದ ಮನೆಗೂ ಕುಸ್ವಾರ್ ಬರುತ್ತದೆ. ದುಃಖದಲ್ಲಿರುವ ಮನೆಗೆ ನೆರೆಹೊರೆಯವರು, ಬಂಧುಗಳು ತಟ್ಟೆ ಕಳುಹಿಸುವುದು ನಮ್ಮಲ್ಲಿ ರೂಢಿ. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು ಎಂಬುದು ನಾಡಿನ ಎಲ್ಲ ಮನೆಗಳ ನಿಯಮ. ಆದರೆ ಸಾವಿನ ಮನೆಯಿಂದ ಯಾರೂ ಪ್ರತಿಫಲ ನಿರೀಕ್ಷಿಸುವುದಿಲ್ಲ. ಹಿಂದೆ ನನ್ನ ಪತ್ನಿ ಅಂತಹ ಮನೆಗಳಿಗೆ ಕಳುಹಿಸಿದ ತಟ್ಟೆಗಳೇ ಈಗ ಬೇರೆ ಕೈಗಳಲ್ಲಿ ನನ್ನ ಬಾಗಿಲಿಗೆ ಬರುತ್ತಿವೆ. ಯಾವ ಬ್ಯಾಂಕೂ ಇಡದ ಈ ಲೆಕ್ಕದಲ್ಲಿ ನಷ್ಟದ ಕಲಮೇ ಇಲ್ಲ.

ಕ್ರಿಸ್ಮಸ್ ಕಥೆ ಆರಂಭವಾಗುವುದೇ ಒಂದು ಸರ್ಕಾರಿ ಆದೇಶದಿಂದ ಎಂಬುದು ಎಷ್ಟು ಜನರ ಗಮನಕ್ಕೆ ಬಂದಿದೆಯೋ ತಿಳಿಯದು. ಚಕ್ರವರ್ತಿ ಅಗಸ್ಟಸ್ ಜನಗಣತಿಗೆ ಆಜ್ಞೆ ಹೊರಡಿಸಿದ. ತುಂಬು ಗರ್ಭಿಣಿಯಾದ ಮರಿಯಳೊಡನೆ ಜೋಸೆಫ್ ಬೆತ್ಲೆಹೆಮ್‌ಗೆ ಹೊರಟ. ಛತ್ರದಲ್ಲಿ ಸ್ಥಳ ಸಿಗಲಿಲ್ಲ ಎನ್ನುತ್ತಾನೆ ಸಂತ ಲೂಕ. 1991ರ ಜನಗಣತಿಯಲ್ಲಿ ನಾನು ತಹಶೀಲ್ದಾರನಾಗಿ ಕೆಲಸ ಮಾಡಿದವನು. ಗಣತಿಯ ಕೊನೆಯ ರಾತ್ರಿ ಮನೆಯಿಲ್ಲದವರ ಎಣಿಕೆ ನಡೆಯುತ್ತದೆ. ಬಸ್ ನಿಲ್ದಾಣ, ಗುಡಿಯ ಜಗಲಿ, ಸೇತುವೆಯ ಕೆಳಗೆ ಲಾಂದ್ರ ಹಿಡಿದು ಹೋಗಿದ್ದೆವು. ಕೈಗೂಸಿನೊಡನೆ ಮಲಗಿದ್ದ ತಾಯಿಯೊಬ್ಬಳನ್ನು ಎಬ್ಬಿಸಿ ಹೆಸರು ಕೇಳಲು ಸಂಕೋಚವಾಗಿತ್ತು. ಅಂದಿನಿಂದ ಗೋದಲಿಯ ಮುಂದೆ ನಿಂತಾಗಲೆಲ್ಲ ಆ ರಾತ್ರಿ ನೆನಪಿಗೆ ಬರುತ್ತದೆ. ಈ ಹಬ್ಬ ಹುಟ್ಟಿದ್ದು ಸುಖದ ಮನೆಯಲ್ಲಲ್ಲ.

ಗಾಜಾ ಯುದ್ಧದ ಹಿನ್ನೆಲೆಯಲ್ಲಿ 2023ರಲ್ಲಿ ಬೆತ್ಲೆಹೆಮ್ ನಗರವೇ ಸಾರ್ವಜನಿಕ ಸಂಭ್ರಮವನ್ನು ಕೈಬಿಟ್ಟಿತು. ಚೌಕದಲ್ಲಿ ಮರ ನಿಲ್ಲಿಸಲಿಲ್ಲ, ದೀಪಾಲಂಕಾರವಿರಲಿಲ್ಲ. ಅಲ್ಲಿಯ ಲೂಥರನ್ ಚರ್ಚು ಗೋದಲಿಯ ಬದಲು ಕಲ್ಲು ಕಾಂಕ್ರೀಟಿನ ಅವಶೇಷಗಳ ನಡುವೆ ಶಿಶುವಿನ ವಿಗ್ರಹ ಮಲಗಿಸಿತು. ಆದರೆ ಪ್ರಾರ್ಥನೆ ನಿಲ್ಲಲಿಲ್ಲ. ಸಂಭ್ರಮವನ್ನು ಬಿಡುವುದು ಬೇರೆ, ಹಬ್ಬವನ್ನು ಬಿಡುವುದು ಬೇರೆ ಎಂಬುದನ್ನು ಆ ಊರು ತೋರಿಸಿಕೊಟ್ಟಿತು.

ಪ್ರತಿ ಬೀದಿಯಲ್ಲಿಯೂ ಇಂತಹ ಒಂದೆರಡು ಮನೆಗಳಿರುತ್ತವೆ. ಸಾವು, ಕಾಯಿಲೆ, ಕಳೆದುಹೋದ ಕೆಲಸ, ಮುರಿದ ಸಂಸಾರ. ಕಾರಣ ಯಾವುದೂ ಆಗಿರಬಹುದು. ಅವರನ್ನು ಬಲವಂತದಿಂದ ಸಂತೋಷಪಡಿಸಬೇಕಾಗಿಲ್ಲ. ‘ಅವರಿಗೆ ಈ ಸಲ ಹಬ್ಬವಿಲ್ಲ’ ಎಂದು ಅವರ ಗೇಟನ್ನು ದಾಟಿ ಮುಂದೆ ಹೋಗದಿದ್ದರೆ ಸಾಕು. ಯುಗಾದಿಯಾಗಲಿ, ರಂಜಾನ್ ಆಗಲಿ, ಕ್ರಿಸ್ಮಸ್ ಆಗಲಿ, ಒಂದು ತಟ್ಟೆ ಹೆಚ್ಚಿಗೆ ತುಂಬಿಸುವುದು ಯಾರಿಗೂ ಹೊರೆಯಲ್ಲ.

ನಾನು ಕುಸ್ವಾರ್ ಮಾಡುವುದಿಲ್ಲ. ನಕ್ಷತ್ರವೂ ಈ ವರ್ಷ ಅಟ್ಟದಲ್ಲಿಯೇ ಇರಲಿ. ಮೊನ್ನೆ ಸಂಜೆ ಮಾತ್ರ ಅಡುಗೆಮನೆಯ ಡಬ್ಬಿಯಲ್ಲಿ ಉಳಿದಿದ್ದ ರಾಗಿಯನ್ನು ತಟ್ಟೆಯಲ್ಲಿ ಬಿತ್ತಿದೆ. ಎಷ್ಟು ಮಣ್ಣು, ಎಷ್ಟು ನೀರು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಅವಳನ್ನು ಎಂದೂ ಕೇಳಿರಲಿಲ್ಲ. ನೀರು ಚಿಮುಕಿಸುವ ಹೊಣೆಯನ್ನು ಎದುರುಮನೆಯ ಹುಡುಗನಿಗೆ ವಹಿಸಿದ್ದೇನೆ. ಇನ್ನೂ ಏನೂ ಕಾಣುತ್ತಿಲ್ಲ ಎಂದು ಅವನು ದಿನವೂ ಬೆಳಿಗ್ಗೆ ಬಂದು ವರದಿ ಒಪ್ಪಿಸುತ್ತಾನೆ. ಇನ್ನೂ ದಿನಗಳಿವೆ, ಕಾಯೋಣ ಎಂದು ಹೇಳಿ ಕಳುಹಿಸುತ್ತೇನೆ.